ಹನ್ನೊಂದನೇ ಕಲಮು

ಅರ್ಜಿ ಕೇಳಿತು: ಇದುವರೆಗೆ ಏರಿದ ಅತಿ ಎತ್ತರ?
ಮುಳ್ಳಯ್ಯನಗಿರಿ, ಎಂದು ಬರೆದೆ.
ಮೆಟ್ಟಿಲ ಬುಡದ ತನಕ ಜೀಪು ಹೋಗುತ್ತದೆ
ಎಂದು ಬರೆಯಲು ಜಾಗವಿರಲಿಲ್ಲ.

ಹಗ್ಗದ ಅನುಭವ?
ಬಸ್ಸಿನ ಟಾಪಿಗೆ ಬಾಳೆಗೊನೆ, ಸೈಕಲ್ಲು, ಒಮ್ಮೆ ಒಂದು ಮಂಚ;
ಬೇಲೂರಿನಿಂದ ಹಾಸನದವರೆಗೆ ಒಂದೂ ಜಾರಿಲ್ಲ.

ಹಿಮದ ಮೇಲೆ ನಡೆದಿದ್ದೀರಾ?
ಇಲ್ಲಿ ಪೆನ್ನು ನಿಂತಿತು.

ಡಿಪೋ ಮ್ಯಾನೇಜರು ರಜಾಚೀಟಿ ಹಿಂದೆ ಮುಂದೆ ತಿರುಗಿಸಿ
"ಏನ್ರೀ ಜಯಶೀಲಾ, ಇಪ್ಪತ್ತೊಂದು ದಿನ? ಕಾಶಿಯಾ, ಕೇದಾರವಾ?"
"ಅಲ್ಲ ಸಾರ್. ಅಲ್ಲಿ ಗುಡಿ ಇಲ್ಲ.
ಬರೀ ಎತ್ತರ."
ತಲೆ ಅಲ್ಲಾಡಿಸುತ್ತಲೇ ಸಹಿ ಹಾಕಿದರು,
ಸಹಿ ಸೊಟ್ಟಗೆ ಬಿತ್ತು.

ಮೂರು ತಿಂಗಳಿಂದ, ಎರಡನೇ ಪಾಳಿಯ ದಿನವೆಲ್ಲ
ಹನ್ನೆರಡು ಕೇಜಿ ರಾಗಿ ಬೆನ್ನಿಗೆ ಹೇರಿ ಸೀಗೆಗುಡ್ಡ ಹತ್ತುತ್ತೇನೆ.
ಕುರಿ ಕಾಯುವ ಹುಡುಗ ಮೊದಲ ವಾರ ಕೇಳಿದ,
"ಗಿರಣಿ ಕೆಳಗಡೆ ಐತಲ್ಲಕ್ಕ, ಮೇಲಕ್ಯಾಕೆ ಹೊತ್ಕಂಡೋಗ್ತೀರಿ?"
ಈಗ ಕೇಳುವುದಿಲ್ಲ.
ಅವನ ನಾಯಿ ಅರ್ಧ ದಾರಿ ಜೊತೆಗೆ ಬಂದು
ನನ್ನ ಏದುಸಿರು ಕೇಳಲಾರದೆ ಇಳಿದು ಹೋಗುತ್ತದೆ.

ಹಿಮ ಹುಡುಕಿಕೊಂಡು ಐಸ್ ಫ್ಯಾಕ್ಟರಿಗೆ ಹೋದೆ.
ಅಮೋನಿಯಾ ನಾತ. ನಸುಕಿಗೇ ಸಾಲು ನಿಂತ ಮೀನಿನ ಗಾಡಿಗಳು.
ಖಲಂದರ್ ನನ್ನ ಬಸ್ಸಿನವನು, ಚಿಲ್ಲರೆ ಸರಿಯಾಗಿ ಕೊಡುವವನು.
ಬೂಟಿಗೆ ಕಟ್ಟಿದ ಕಬ್ಬಿಣದ ಹಲ್ಲು ನೋಡಿ ನಗಲಿಲ್ಲ,
ಎರಡು ದಿಮ್ಮಿ ಉದ್ದಕ್ಕೆ ಮಲಗಿಸಿ, ಹತ್ತಿ ಅಂದ.

ಹತ್ತಿದೆ.
ಟ್ಯೂಬ್‌ಲೈಟು ನನ್ನ ಕಾಲಡಿಯಲ್ಲಿ ಉರಿಯುತ್ತಿತ್ತು.
ಮೊದಲ ಸಲ ಜಾರಿದೆ. ಎರಡನೇ ಸಲ ಅವನ ಹೆಗಲು ಸಿಕ್ಕಿತು.
"ಪಾದ ಇಡಬೇಡಿ ಅಕ್ಕ, ಊರಿ.
ನಡುವೆ ಬೆಳ್ಳಗಿದೆಯಲ್ಲ, ಅದು ಸಿಕ್ಕಿಹಾಕ್ಕೊಂಡ ಗಾಳಿ,
ಅಲ್ಲಿ ಹೊಡೆದರೆ ಸೀಳು ಬಿಡತ್ತೆ.
ಹೊಡೆದು ಒಂದು ಗಳಿಗೆ ಕಿವಿ ಕೊಡಿ.
ಐಸು ಸುಮ್ಸುಮ್ನೆ ಒಡೆಯಲ್ಲ, ಮೊದಲು ಹೇಳತ್ತೆ."
ಕೊಕ್ಕೆ ಹಿಡಿದ ಅವನ ಬೆರಳಲ್ಲಿ ಎರಡಕ್ಕೆ ಉಗುರಿಲ್ಲ.

ಅರ್ಜಿಯಲ್ಲಿ ಬರೆದೆ: ನಡೆದಿದ್ದೇನೆ. ಎಂಟು ಅಡಿ.

ಗೈಡು ತ್ಸೆರಿಂಗ್ ಫೋನಿನಲ್ಲಿ, ಹಿಂದಿಯಲ್ಲಿ, ನಡುನಡುವೆ ಗಾಳಿ:
"ಮೂವರಿಗೂ ಒಂದೇ ಹಗ್ಗ. ನಾನು ಮುಂದೆ, ನೀವು ನಡುವೆ.
ಹಗ್ಗ ಬಿಗಿಯಬಾರದು, ನೆಲಕ್ಕೆ ಎಳೆದಾಡಲೂ ಬಾರದು.
ಎರಡು ಸಲ ಜಗ್ಗಿದರೆ ನಿಲ್ಲಿ."
"ನಮ್ಮಲ್ಲಿ ಎರಡು ವಿಸಿಲ್ ಅಂದರೆ ಹೊರಡು."
ಸ್ವಲ್ಪ ಹೊತ್ತು ಬರೀ ಗಾಳಿ.
"ಹಾಗಾದರೆ ಆ ಅಭ್ಯಾಸ ಬಿಡಿ."

ಹನ್ನೊಂದನೇ ಕಲಮು ಸಣ್ಣ ಅಕ್ಷರದಲ್ಲಿತ್ತು:
ಶಿಖರಕ್ಕೆ ಐವತ್ತೇ ಹೆಜ್ಜೆ ಉಳಿದಿದ್ದರೂ
ಗೈಡು ತಿರುಗಿ ಎಂದರೆ ತಿರುಗುತ್ತೇನೆ.
ಕಾರಣ ಕೇಳುವುದಿಲ್ಲ.

ಚೀಟಿಯ ದುಡ್ಡು ಎತ್ತಿ ಕಟ್ಟಿದ್ದಾಗಿತ್ತು, ಬೂಟು ಬಂದಿತ್ತು,
ಇದೊಂದು ಸಹಿಗೆ ನಾಲ್ಕು ದಿನ ಹಿಡಿಯಿತು.

ಇಪ್ಪತ್ತೆರಡು ವರ್ಷ
ನಾನು ರೈಟ್ ಅಂದ ಮೇಲೇ ಬಸ್ಸು ಹೊರಟದ್ದು.
ನಾನು ಇಳೀರಿ ಅಂದರೆ ಇಳಿಯಬೇಕಿತ್ತು.
ಕೆಲಸಕ್ಕೆ ಸೇರಿದ ವರ್ಷ, ಹಗರೆಯಲ್ಲಿ,
ಬೇಲೂರಿಗೆ ಎರಡು ರೂಪಾಯಿ ಕಮ್ಮಿ ಇದ್ದ ಒಬ್ಬ ಮುದುಕನನ್ನು
ಇಳಿಸಿದೆ.
ಅವನು ಕಾರಣ ಕೇಳಲಿಲ್ಲ.
ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.
ಹಿಂದಿನ ಗಾಜಿನಲ್ಲಿ ತುಂಬ ಹೊತ್ತು ಕಂಡ,
ಗಾಜಿನಲ್ಲಿ ಕಾಣದಾದ ಮೇಲೂ.

ಸಹಿ ಹಾಕಿದೆ.

ನಿನ್ನೆ, ರಜೆಗೆ ಮುಂಚಿನ ಕೊನೇ ಟ್ರಿಪ್ಪು.
ಹಗರೆ ಸ್ಟಾಪಿನಲ್ಲಿ ಇಳಿಯುವವರು ಇಳಿದರು,
ಹತ್ತುವವರು ಯಾರೂ ಇರಲಿಲ್ಲ.
ವಿಸಿಲ್ಲು ತುಟಿಯಲ್ಲೇ ಇತ್ತು.
ಡ್ರೈವರ್ ಚೆಲುವೇಗೌಡರು ಕನ್ನಡಿಯಲ್ಲಿ ನೋಡಿದರು,
ಆಮೇಲೆ ಪೂರ್ತಿ ತಿರುಗಿ,
"ಯಾಕಮ್ಮ, ಯಾರಾದ್ರೂ ಬರಬೇಕಾ?"

"ಒಂಚೂರು ನಿಲ್ಲಿ" ಎಂದೆ.